ಸೋತ ನಾಡಿಗೇ ಹೋಗಿ ಕಪ್ ತಂದ ಕಲಬುರಗಿಯ ನೂಶಿನ್

ಆದಿತ್ಯನಗರ: ಬೆಳಿಗ್ಗೆ ಕಲಬುರಗಿಗೆ ಹೋಗುವ ಸೇಡಂ ಬಸ್ಸಿನಲ್ಲಿ ಕುಂತು ಕ್ರಿಕೆಟ್ ಮಾತು ತೆಗೆದು ನೋಡಿ. ಕೊಹ್ಲಿ ಎಷ್ಟು ಶತಕ ಹೊಡೆದ, ಬುಮ್ರಾ ಯಾರ ವಿಕೆಟ್ ಕಿತ್ತ ಎಂಬುದನ್ನೆಲ್ಲ ಕಾಲೇಜು ಹುಡುಗನಿಂದ ಹಿಡಿದು ಕಂಡಕ್ಟರ್‌ವರೆಗೆ ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಬಸ್ಸಿನಲ್ಲಿ, "ನಮ್ ಜಿಲ್ಲಾದವ್ರು ಒಬ್ರು ಇಂಡಿಯಾದ ಹುಡುಗೇರಿಗೆ ಆಟ ಕಲಿಸಿ ವರ್ಲ್ಡ್ ಕಪ್ ಗೆದ್ದು ತಂದಾರ. ಒಂದಲ್ಲ, ಎರಡು ಸಲ. ಯಾರಂತ ಹೇಳ್ರಿ ನೋಡಮ್ಮ" ಎಂದು ಕೇಳಿದರೆ? ಹತ್ತರಲ್ಲಿ ಒಂಬತ್ತು ಮಂದಿ ಕಿಟಕಿ ಕಡೆ ಮುಖ ತಿರುಗಿಸುವುದೇ ಹೆಚ್ಚು.

ಆ ಹೆಸರು ನೂಶಿನ್ ಅಲ್ ಖದೀರ್.

ಹುಟ್ಟಿದ್ದು 1981ರ ಫೆಬ್ರವರಿ 13ರಂದು, ದೂರದ ಇರಾನ್ ದೇಶದ ತೆಹರಾನಿನಲ್ಲಿ. ಬೆಳೆದದ್ದು ಕಲಬುರಗಿಯಲ್ಲಿ. ಆಗ ಊರಿನ ಹೆಸರು ಬೋರ್ಡಿನ ಮೇಲೆ ಗುಲಬರ್ಗಾ ಎಂದೇ ಇತ್ತು. ಭಾರತದ ಪರ ಹತ್ತು ವರ್ಷ ಚೆಂಡು ತಿರುಗಿಸಿ, ಆಮೇಲೆ ಭಾರತ ತಂಡಗಳಿಗೇ ತರಬೇತಿ ಕೊಡುವ ಜಾಗಕ್ಕೆ ಹೋದವರು ಈಕೆ. ಫುಟ್‌ಬಾಲಿನಲ್ಲಾದರೆ ಇಂಥವರನ್ನು ಮ್ಯಾನೇಜರ್ ಅಂತಾರೆ. ಕ್ರಿಕೆಟ್ಟಿನಲ್ಲಿ ಮ್ಯಾನೇಜರ್ ಅಂದರೆ ತಂಡದ ಟಿಕೇಟು, ರೂಮು, ಊಟದ ವ್ಯವಸ್ಥೆ ನೋಡುವವರು. ಆಟ ನೋಡುವವರು ಕೋಚ್. ಗೆದ್ದರೆ ಫೋಟೋದಲ್ಲಿ ಹಿಂದಿನ ಸಾಲು, ಸೋತರೆ ಬೈಗುಳದಲ್ಲಿ ಮುಂದಿನ ಸಾಲು. ಕೋಚ್ ಕೆಲಸ ಅಂದರೆ ಅದು.

ನೂರು ವಿಕೆಟ್ಟಿನ ಬೌಲರು

ನೂಶಿನ್ ಆಫ್ ಸ್ಪಿನ್ನರು. ಬಲಗೈ ಬ್ಯಾಟಿಂಗ್‌ನವರಿಗೆ ಹೊರಗಿನಿಂದ ಒಳಕ್ಕೆ ತಿರುಗುವ ಚೆಂಡು. ವೇಗದ ಬೌಲರನ ಹಾಗೆ ಓಡಿ ಬಂದು ಹೆದರಿಸುವ ವಿದ್ಯೆ ಇದಲ್ಲ. ಒಂದೇ ಜಾಗಕ್ಕೆ ಹಾಕಿ ಹಾಕಿ, ಎದುರಿಗಿದ್ದವಳ ತಾಳ್ಮೆ ಕೆಡಿಸಿ, ಆಕೆ ತಪ್ಪು ಮಾಡುವ ತನಕ ಕಾಯುವ ವಿದ್ಯೆ. ಅಂಗಡಿ ನಡೆಸುವವರಿಗೆ ಇದು ಬೇಗ ತಿಳಿಯುತ್ತದೆ. ಗಿರಾಕಿ ರೇಟು ಕೇಳಿ ಎದ್ದು ಹೋದರೂ ತಿರುಗಿ ಬರುತ್ತಾನೆ ಎಂದು ಗದ್ದಿಗೆ ಬಿಡದೆ ಕುಂತಂಗೆ.

2002ರ ಜನವರಿಯಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ನೂಶಿನ್ ಮೊದಲ ಒಂದು ದಿನದ ಪಂದ್ಯ ಆಡಿದರು. ಆ ಸರಣಿಯನ್ನು ಭಾರತ 5-0ಯಿಂದ ಗೆದ್ದಿತು. ಅಲ್ಲಿಂದ 2012ರ ವರೆಗೆ 5 ಟೆಸ್ಟ್, 78 ಒಂದು ದಿನದ ಪಂದ್ಯ, 2 ಟಿ-20. ಒಂದು ದಿನದ ಪಂದ್ಯಗಳಲ್ಲಿ ಸರಿಯಾಗಿ 100 ವಿಕೆಟ್. ಅಂದರೆ ಆಡಿದ ಪ್ರತಿ ಪಂದ್ಯಕ್ಕೂ ಒಂದಕ್ಕಿಂತ ಹೆಚ್ಚು. ಗಂಡಸರ ತಂಡದಲ್ಲಿ ಇಷ್ಟು ಮಾಡಿದವರ ಹೆಸರಿಗೆ ಊರಲ್ಲಿ ಒಂದು ಸರ್ಕಲ್ಲಾದರೂ ಬೀಳುತ್ತಿತ್ತು.

ಆದರೆ ಆ ಕಾಲದ ಮಹಿಳಾ ಕ್ರಿಕೆಟ್ ಬೇರೆಯೇ ಲೋಕ. 1973ರಲ್ಲಿ ಹುಟ್ಟಿದ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಅದನ್ನು ನಡೆಸುತ್ತಿತ್ತು. ಸಂಸ್ಥೆಯ ಹತ್ತಿರ ರೊಕ್ಕ ಇರಲಿಲ್ಲ. ಭಾರತದ ಮೊದಲ ನಾಯಕಿ, ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರ ತಲೆಮಾರಿನವರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಓಡಾಡಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದವರು. ನೂಶಿನ್ ಕಾಲಕ್ಕೆ ಸ್ವಲ್ಪ ಸುಧಾರಿಸಿತ್ತು, ಅಷ್ಟೇ. ಗಂಡಸರ ಕ್ರಿಕೆಟ್ ನಡೆಸುವ ಬಿಸಿಸಿಐ ಮಹಿಳೆಯರ ಆಟವನ್ನು ತನ್ನ ಮಡಿಲಿಗೆ ತೆಗೆದುಕೊಂಡದ್ದು 2006ರಲ್ಲಿ. ಮಹಿಳೆಯರಿಗೆ ವರ್ಷಕ್ಕಿಷ್ಟು ಎಂಬ ಕರಾರು ಶುರುವಾದದ್ದು 2015ರಲ್ಲಿ. ಅಷ್ಟರೊಳಗೆ ನೂಶಿನ್ ಆಟ ಮುಗಿದಿತ್ತು.

ರೈಲು ಇಲಾಖೆಯ ಋಣ

ಹಾಗಾದರೆ ಈ ಹೆಣ್ಣುಮಕ್ಕಳು ಹೊಟ್ಟೆ ಹೊರೆದದ್ದು ಹೇಗೆ? ಉತ್ತರ ವಾಡಿ ಜಂಕ್ಷನ್ನಿನ ಮಂದಿಗೆ ಗೊತ್ತಿರಬೇಕು: ರೈಲ್ವೆ. ದೇಶದಲ್ಲಿ ಬೇರೆ ಯಾರೂ ಕಣ್ಣೆತ್ತಿ ನೋಡದಿದ್ದ ಕಾಲಕ್ಕೆ ಮಹಿಳಾ ಕ್ರಿಕೆಟಿಗರಿಗೆ ಗುಮಾಸ್ತಗಿರಿ, ಟಿಕೇಟು ತಪಾಸಣೆಯಂಥ ಕೆಲಸ ಕೊಟ್ಟು, ಆಡಲು ರಜೆಯನ್ನೂ ಕೊಟ್ಟದ್ದು ರೈಲು ಇಲಾಖೆ. ಅದಕ್ಕೇ ದೇಶದ ಒಳಗಿನ ಪಂದ್ಯಾವಳಿಗಳಲ್ಲಿ ರೈಲ್ವೇಸ್ ತಂಡಕ್ಕೆ ಎದುರು ನಿಲ್ಲುವವರೇ ಕಡಿಮೆ. ಮಿಥಾಲಿ ರಾಜ್ ಆಡಿದ್ದು ಆ ತಂಡಕ್ಕೆ. ನೂಶಿನ್ ಆಡಿದ್ದೂ ಆ ತಂಡಕ್ಕೆ. ಮುಂದೆ ಆಟ ಬಿಟ್ಟ ಮೇಲೆ ಕೋಚ್ ಆಗಿ ಕೈ ಪಳಗಿಸಿಕೊಂಡದ್ದೂ ಅದೇ ರೈಲ್ವೇಸ್ ತಂಡದಲ್ಲಿ.

ಈ ಭಾಗದ ಎಷ್ಟೋ ಮನೆಗಳ ಒಲೆ ಉರಿಯುವುದು ಒಂದೋ ಸಿಮೆಂಟು, ಇಲ್ಲ ಶಹಾಬಾದ ಕಲ್ಲು, ಇಲ್ಲ ರೈಲ್ವೆ. ನೌಕರಿ ಅಂದರೆ ಏನು ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಪಗಾರ ಬರುತ್ತದೆ ಎಂಬ ಧೈರ್ಯ ಇದ್ದದ್ದಕ್ಕೇ ಆ ತಲೆಮಾರಿನ ಹುಡುಗಿಯರು ಮೂವತ್ತು ದಾಟಿದರೂ ಆಟದಲ್ಲಿ ಉಳಿದರು. ಉಳಿದದ್ದಕ್ಕೇ ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸುವಂತಾಯಿತು.

2005: ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ

ಈಗ ಮುಖ್ಯ ಮಾತಿಗೆ ಬರೋಣ.

2005ರ ಮಹಿಳಾ ವಿಶ್ವಕಪ್ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಮಿಥಾಲಿ ರಾಜ್ ನಾಯಕಿ. ತಂಡದಲ್ಲಿ ಜೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ, ನೀತು ಡೇವಿಡ್, ಜೊತೆಗೆ ಕಲಬುರಗಿಯ ನೂಶಿನ್. ಏಪ್ರಿಲ್ 7ರಂದು ಪೊಚೆಫ್‌ಸ್ಟ್ರೂಮ್ ಎಂಬ ಊರಿನಲ್ಲಿ ಸೆಮಿಫೈನಲ್. ಎದುರಿಗೆ ನ್ಯೂಜಿಲೆಂಡ್, ಆಗಿನ ವಿಶ್ವ ಚಾಂಪಿಯನ್. ಮಿಥಾಲಿ ಔಟಾಗದೆ 91 ಹೊಡೆದರು. ಭಾರತ 40 ರನ್ನುಗಳಿಂದ ಗೆದ್ದಿತು. ಭಾರತದ ಮಹಿಳೆಯರು ವಿಶ್ವಕಪ್ ಫೈನಲ್ ಕಂಡದ್ದು ಅದೇ ಮೊದಲು.

ಮೂರು ದಿನ ಬಿಟ್ಟು ಏಪ್ರಿಲ್ 10ಕ್ಕೆ ಸೆಂಚೂರಿಯನ್‌ನಲ್ಲಿ ಫೈನಲ್. ಆಸ್ಟ್ರೇಲಿಯಾದ ಕರೆನ್ ರೋಲ್ಟನ್ ಔಟಾಗದೆ 107 ಹೊಡೆದರು. ಆಸ್ಟ್ರೇಲಿಯಾ 4 ವಿಕೆಟ್ಟಿಗೆ 215. ಉತ್ತರವಾಗಿ ಭಾರತ 117ಕ್ಕೆ ಗಂಟುಮೂಟೆ ಕಟ್ಟಿತು. ಸೋಲು 98 ರನ್ನಿನದು.

ಇಡೀ ಪಂದ್ಯಾವಳಿಗೆ ಕೈಗೆ ಸಿಕ್ಕಿದ್ದೆಷ್ಟು? ಪಂದ್ಯಕ್ಕೆ 1,000 ರೂಪಾಯಿಯಂತೆ ಎಂಟು ಪಂದ್ಯಕ್ಕೆ 8,000 ಎಂದು ಮಿಥಾಲಿ ಎಷ್ಟೋ ವರ್ಷದ ಮೇಲೆ ಸಂದರ್ಶನವೊಂದರಲ್ಲಿ ಬಾಯಿಬಿಟ್ಟಿದ್ದಾರೆ. ವಿಶ್ವಕಪ್ ಫೈನಲ್ ಆಡಿ ಬಂದವರ ಕೂಲಿ ಎಂಟು ಸಾವಿರ! ಆ ಕಾಲಕ್ಕೆ ಗಂಡಸರ ತಂಡದವರು ಒಂದು ಜಾಹೀರಾತಿಗೆ ಎಣಿಸುತ್ತಿದ್ದದ್ದು ಲಕ್ಷಗಳಲ್ಲಿ.

ಸೋತವರು ಊರಿಗೆ ಬಂದರು. ಆಡುತ್ತ ಇದ್ದರು. ಒಬ್ಬೊಬ್ಬರಾಗಿ ಆಟ ಬಿಟ್ಟರು. ಕಪ್ ಮಾತ್ರ ಯಾರ ಕೈಗೂ ಬರಲಿಲ್ಲ.

2023: ಅದೇ ದೇಶ, ಅದೇ ಊರು

ಹದಿನೆಂಟು ವರ್ಷ ಕಳೆಯಿತು. ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರಿಗಾಗಿ ಮೊಟ್ಟಮೊದಲ ಟಿ-20 ವಿಶ್ವಕಪ್ ಗೊತ್ತಾಯಿತು. 2023ರ ಜನವರಿಯಲ್ಲಿ, ಮತ್ತೆ ದಕ್ಷಿಣ ಆಫ್ರಿಕಾದಲ್ಲೇ. ಭಾರತ ತಂಡದ ಕೋಚ್ ನೂಶಿನ್ ಅಲ್ ಖದೀರ್. ನಾಯಕಿ ಹರಿಯಾಣದ ಶೆಫಾಲಿ ವರ್ಮಾ. ನೂಶಿನ್ 2005ರ ಫೈನಲ್ ಸೋತಾಗ ಈ ತಂಡದ ಎಷ್ಟೋ ಹುಡುಗಿಯರು ತೊಟ್ಟಿಲಲ್ಲಿದ್ದರು. ಕೆಲವರು ಹುಟ್ಟೇ ಇರಲಿಲ್ಲ.

ಶುರುವಿನಲ್ಲಿ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂಗೆ ನಡೆಯಿತು. ದಕ್ಷಿಣ ಆಫ್ರಿಕಾ, ಯುಎಇ, ಸ್ಕಾಟ್ಲೆಂಡ್ ಮೂವರೂ ಸೋತರು. ಜನವರಿ 21ಕ್ಕೆ ಎದುರಿಗೆ ಬಂತು ಆಸ್ಟ್ರೇಲಿಯಾ. ಭಾರತ 87ಕ್ಕೆ ಔಟು! ಸೋಲು 7 ವಿಕೆಟ್ಟಿನಿಂದ. ಮತ್ತದೇ ಆಸ್ಟ್ರೇಲಿಯಾ, ಮತ್ತದೇ ದೇಶ. ಹಳೆಯ ಗಾಯದ ಮೇಲೆ ಬರೆ ಎಳೆದಂತಾಗಿರಬೇಕು ಕೋಚ್‌ಗೆ.

ಮರುದಿನವೇ ಶ್ರೀಲಂಕಾ ಜೊತೆ ಪಂದ್ಯ. ಹದಿನಾರು ಹದಿನೇಳರ ಹುಡುಗಿಯರು. ನಿನ್ನೆ ಅತ್ತು ಮಲಗಿದವರನ್ನು ಇವತ್ತು ಎಬ್ಬಿಸಿ ಮೈದಾನಕ್ಕೆ ಇಳಿಸಬೇಕು. ಕೋಚ್ ಎಂಬುವರ ಕೆಲಸ ಕಾಣುವುದು ಇಂಥ ಒಂದು ರಾತ್ರಿಯಲ್ಲಿ. ಕ್ಯಾಮೆರಾ ಇಲ್ಲದ ಕಡೆ, ಊಟದ ಮೇಜಿನ ಹತ್ತಿರ, ಬಸ್ಸಿನ ಸೀಟಿನ ಪಕ್ಕ. ಮರುದಿನ ಪಾರ್ಶವಿ ಚೋಪ್ರಾ ಬರೀ 5 ರನ್ ಕೊಟ್ಟು 4 ವಿಕೆಟ್ ಕಿತ್ತಳು. ಶ್ರೀಲಂಕಾ ಅರವತ್ತನ್ನೂ ಮುಟ್ಟಲಿಲ್ಲ. ತಂಡ ಮತ್ತೆ ಹಳಿಗೆ ಬಂತು.

ಸೆಮಿಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತೇ? ನ್ಯೂಜಿಲೆಂಡ್. ಊರು ಯಾವುದು ಗೊತ್ತೇ? ಪೊಚೆಫ್‌ಸ್ಟ್ರೂಮ್. 2005ರಲ್ಲಿ ಆಟಗಾರ್ತಿಯಾಗಿ ನೂಶಿನ್ ಸೆಮಿಫೈನಲ್ ಆಡಿದ ಅದೇ ಊರು, ಅದೇ ಎದುರಾಳಿ. ಶ್ವೇತಾ ಸೆಹ್ರಾವತ್ ಔಟಾಗದೆ 61 ಹೊಡೆದಳು. 8 ವಿಕೆಟ್ಟಿನ ಗೆಲುವು.

ಫೈನಲ್ ಕೂಡ ಅಲ್ಲೇ, ಜನವರಿ 29ಕ್ಕೆ, ಇಂಗ್ಲೆಂಡ್ ವಿರುದ್ಧ. ಹಿಂದಿನ ದಿನ ನಾಯಕಿ ಶೆಫಾಲಿಗೆ ಹತ್ತೊಂಬತ್ತು ತುಂಬಿತ್ತು. ಒಲಿಂಪಿಕ್ಸ್ ಚಿನ್ನದ ನೀರಜ್ ಚೋಪ್ರಾ ಬಂದು ಹುಡುಗಿಯರ ಜೊತೆ ಕುಂತು ಮಾತಾಡಿ ಹೋಗಿದ್ದರು. ಪಂದ್ಯದಲ್ಲಿ ಬಂಗಾಳದ ತಿತಾಸ್ ಸಾಧು 4 ಓವರಿಗೆ 6 ರನ್ ಕೊಟ್ಟು 2 ವಿಕೆಟ್. ಉನ್ನಾವ್ ಜಿಲ್ಲೆಯ ಹಳ್ಳಿ ಹುಡುಗಿ ಅರ್ಚನಾ ದೇವಿ ಒಂದೇ ಓವರಿನಲ್ಲಿ 2 ವಿಕೆಟ್. ಅದರಲ್ಲಿ ಒಂದು ಇಂಗ್ಲೆಂಡ್ ನಾಯಕಿಯದು. ಅರ್ಚನಾ ಹಾಕುವುದು ಆಫ್ ಸ್ಪಿನ್, ಕೋಚ್ ನೂಶಿನ್‌ರ ವಿದ್ಯೆಯೇ. ಇಂಗ್ಲೆಂಡ್ 68ಕ್ಕೆ ಮುಗಿಯಿತು. ಭಾರತ 14 ಓವರಿನಲ್ಲಿ 3 ವಿಕೆಟ್ ಕಳೆದುಕೊಂಡು 69.

ಭಾರತದ ಮಹಿಳಾ ಕ್ರಿಕೆಟ್ಟಿಗೆ ಯಾವ ವಯಸ್ಸಿನ ತಂಡದಲ್ಲೇ ಆಗಲಿ ಬಂದ ಮೊದಲ ವಿಶ್ವಕಪ್ ಅದು. ಶೆಫಾಲಿ ಮೈದಾನದಲ್ಲೇ ಕಣ್ಣೀರು ಹಾಕಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಮಿಥಾಲಿಗೆ ಸಿಗದ್ದು, ಜೂಲನ್‌ಗೆ ಸಿಗದ್ದು, ಅವರ ಜೊತೆ ಸೋತ ಒಬ್ಬ ಬೌಲರಿಗೆ ಕೋಚ್ ಆಗಿ ಸಿಕ್ಕಿತು. ಬಿಸಿಸಿಐ ತಂಡಕ್ಕೂ ಸಿಬ್ಬಂದಿಗೂ ಸೇರಿ 5 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಎಂಟು ಸಾವಿರದ ಲೆಕ್ಕ ನೆನಪಿದ್ದವರಿಗೆ ಆ ಅಂಕಿ ಕೇಳಿ ನಗು ಬಂತೋ ಅಳು ಬಂತೋ.

ಒಂದು ಪ್ರವಾಸದ ದೊಡ್ಡ ತಂಡ

ಅದೇ ವರ್ಷ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾಯಿತು. ನೂಶಿನ್ ಗುಜರಾತ್ ಜೈಂಟ್ಸ್‌ನ ಬೌಲಿಂಗ್ ಕೋಚ್ ಆದರು. ಜುಲೈಯಲ್ಲಿ ದೊಡ್ಡವರ ತಂಡ ಬಾಂಗ್ಲಾದೇಶಕ್ಕೆ ಹೊರಟಾಗ ಹಂಗಾಮಿ ಮುಖ್ಯ ಕೋಚ್ ಆಗಿ ಹೋದವರೂ ನೂಶಿನ್. ಕಲಬುರಗಿಯಲ್ಲಿ ಬೆಳೆದವರು ಭಾರತದ ಹಿರಿಯ ಮಹಿಳಾ ತಂಡದ ಮುಖ್ಯ ಕೋಚ್!

ಆ ಪ್ರವಾಸ ಹೂವಿನ ಹಾಸಿಗೆ ಆಗಲಿಲ್ಲ. ಟಿ-20 ಸರಣಿ 2-1ರಿಂದ ಭಾರತಕ್ಕೆ ಬಂತು. ಮೊದಲ ಒಂದು ದಿನದ ಪಂದ್ಯದಲ್ಲಿ ಮಾತ್ರ ಬಾಂಗ್ಲಾ ಗೆದ್ದಿತು. ಆ ಮಾದರಿಯಲ್ಲಿ ಭಾರತದ ವಿರುದ್ಧ ಅವರಿಗೆ ಅದೇ ಮೊದಲ ಗೆಲುವು. ಎರಡನೆಯದು ಭಾರತಕ್ಕೆ. ಮೂರನೆಯದು 225-225ಕ್ಕೆ ಸಮ ಆಯಿತು. ಅಂಪೈರ್ ತೀರ್ಪಿಗೆ ಸಿಟ್ಟಾದ ನಾಯಕಿ ಹರ್ಮನ್‌ಪ್ರೀತ್ ಕೌರ್ ಬ್ಯಾಟಿನಿಂದ ಸ್ಟಂಪ್ ಬಡಿದು ಎರಡು ಪಂದ್ಯದ ನಿಷೇಧ ಮೈಮೇಲೆ ಎಳೆದುಕೊಂಡರು. ಕಪ್ ಇಬ್ಬರೂ ಹಂಚಿಕೊಂಡರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಬಾಂಗ್ಲಾ ತಂಡ 2011ರಲ್ಲಿ ಒಂದು ದಿನದ ಪಂದ್ಯಗಳ ಮಾನ್ಯತೆ ಪಡೆದಾಗ ಅದರ ಕೋಚ್ ಆಗಿದ್ದವರು ಬೆಂಗಳೂರಿನ ಮಮತಾ ಮಾಬೆನ್, ಭಾರತದ ಮಾಜಿ ನಾಯಕಿ. 2018ರಲ್ಲಿ ಬಾಂಗ್ಲಾ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತವನ್ನೇ ಸೋಲಿಸಿದಾಗ ಕೋಚ್ ಆಗಿದ್ದವರೂ ಭಾರತದ ಮಾಜಿ ಆಟಗಾರ್ತಿ ಅಂಜು ಜೈನ್. ಮನೆಯ ಮಗಳು ಪಕ್ಕದ ಮನೆಗೆ ದೀಪ ಹಚ್ಚಿದಂಗೆ. ಸ್ವಂತ ಮನೆಯಲ್ಲಿ? ಹೈದರಾಬಾದಿನ ಪೂರ್ಣಿಮಾ ರಾವ್ ಅವರನ್ನು 2017ರಲ್ಲಿ ವಿಶ್ವಕಪ್ಪಿಗೆ ಮುಂಚೆ ಕೆಳಗಿಳಿಸಿದ ಮೇಲೆ, 2025ರ ವಿಶ್ವಕಪ್ ವರೆಗೆ ಹಿರಿಯ ತಂಡದ ಕಾಯಂ ಮುಖ್ಯ ಕೋಚ್ ಆದವರೆಲ್ಲ ಗಂಡಸರೇ. ನೂಶಿನ್‌ಗೂ ಸಿಕ್ಕಿದ್ದು ಒಂದು ಪ್ರವಾಸ. ಅದೇ ವರ್ಷ ಅಕ್ಟೋಬರಿನಲ್ಲಿ ಮುಂಬಯಿಯ ಅಮೋಲ್ ಮಜುಂದಾರ್ ಕಾಯಂ ಆಗಿ ಬಂದರು. ಮಜುಂದಾರ್ ಸಮರ್ಥರೇ, ಮುಂದೆ ಅದನ್ನು ತೋರಿಸಿಯೂ ಕೊಟ್ಟರು. ಆದರೆ ಕಿರಿಯರ ಕಪ್ ಗೆದ್ದ ಹೆಣ್ಣುಮಗಳಿಗೆ ಹಿರಿಯರ ಕುರ್ಚಿ ಯಾಕೆ ಹಂಗಾಮಿಯೇ ಆಗಿ ಉಳಿಯಬೇಕು ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಮತ್ತೊಂದು ಕಪ್

ನೂಶಿನ್ ಕುರ್ಚಿ ಬಗ್ಗೆ ತಲೆ ಕೆಡಿಸಿಕೊಂಡು ಕೂರದೆ ತಿರುಗಿ ಹುಡುಗಿಯರ ತಂಡಕ್ಕೆ ಬಂದರು. 2025ರ ಎರಡನೇ ವಿಶ್ವಕಪ್ ಮಲೇಷ್ಯಾದಲ್ಲಿ. ಈ ಸಲದ ನಾಯಕಿ ಕರ್ನಾಟಕದ ನಿಕಿ ಪ್ರಸಾದ್. ಕೋಚ್ ಕಲಬುರಗಿ, ಕ್ಯಾಪ್ಟನ್ ಬೆಂಗಳೂರು. ಫೆಬ್ರವರಿ 2ಕ್ಕೆ ಕೌಲಾಲಂಪುರದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 82ಕ್ಕೆ ಔಟು. ಪಕ್ಕದ ತೆಲಂಗಾಣದ ಗೊಂಗಡಿ ತ್ರಿಷಾ 3 ವಿಕೆಟ್ ಕಿತ್ತು, ಔಟಾಗದೆ 44 ಹೊಡೆದಳು. 9 ವಿಕೆಟ್ಟಿನ ಗೆಲುವು. ಇಡೀ ಪಂದ್ಯಾವಳಿಯಲ್ಲಿ ಒಂದೂ ಸೋಲಿಲ್ಲ. ಮತ್ತೆ 5 ಕೋಟಿ ಬಹುಮಾನ.

ಅದೇ ವರ್ಷ ನವೆಂಬರ್ 2. ನವಿ ಮುಂಬಯಿಯಲ್ಲಿ ಹಿರಿಯರ ವಿಶ್ವಕಪ್ ಫೈನಲ್. ಗಾಯಗೊಂಡವರ ಬದಲಿಗೆ ಕೊನೆ ಗಳಿಗೆಯಲ್ಲಿ ತಂಡಕ್ಕೆ ಬಂದಿದ್ದ ಹುಡುಗಿಯೊಬ್ಬಳು 87 ರನ್ ಹೊಡೆದು, 2 ವಿಕೆಟ್ ಕಿತ್ತು ಪಂದ್ಯದ ಶ್ರೇಷ್ಠ ಆಟಗಾರ್ತಿ ಆದಳು. ಭಾರತ 52 ರನ್ನಿನಿಂದ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಮೊದಲ ಸಲ ಆ ಕಪ್ ಎತ್ತಿತು. ಆ ಹುಡುಗಿ ಯಾರು? ಪೊಚೆಫ್‌ಸ್ಟ್ರೂಮ್‌ನಲ್ಲಿ ಅತ್ತಿದ್ದ ಶೆಫಾಲಿ ವರ್ಮಾ. ಸೋತ ತಲೆಮಾರು ಹಾಕಿದ ಬೀಜ ಎಲ್ಲಿ ಮೊಳೆಯಿತು ನೋಡಿ.

ಇಲ್ಲಿ ಏನು ಉಳಿಯಿತು?

ಈಗ ಲೆಕ್ಕ ಬದಲಾಗಿದೆ. 2022ರ ಅಕ್ಟೋಬರಿನಲ್ಲಿ ಬಿಸಿಸಿಐ ಮಹಿಳೆಯರಿಗೂ ಗಂಡಸರಷ್ಟೇ ಪಂದ್ಯದ ಸಂಭಾವನೆ ಎಂದು ಸಾರಿತು. ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ. ಪಂದ್ಯಕ್ಕೆ ಸಾವಿರ ಎಲ್ಲಿ, ಆರು ಲಕ್ಷ ಎಲ್ಲಿ! ಹೆಣ್ಣುಮಗಳಿಗೆ ಆಟದಿಂದ ಬದುಕು ಆಗುತ್ತದೇನು ಎಂದು ಕೇಳುತ್ತಿದ್ದ ಅಪ್ಪಂದಿರ ಬಾಯಿ ಈ ಅಂಕಿಯೇ ಮುಚ್ಚಿಸುತ್ತದೆ.

ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ 5 ವಿಕೆಟ್ ಬರೀ 15 ರನ್ನಿಗೆ ಕಿತ್ತು ತೋರಿಸಿದರು. ಕಡೂರಿನ ವೇದಾ ಕೃಷ್ಣಮೂರ್ತಿ ಆಡಿ ತೋರಿಸಿದರು. ಬೆಂಗಳೂರಿನವರಷ್ಟೇ ಆಡುತ್ತಾರೆ ಎಂಬ ಮಾತು ಸುಳ್ಳಾಗಿ ಬಹಳ ದಿನ ಆಯಿತು. ಬಿಸಿಲು, ಧೂಳು, ದೂರ ಎಂಬ ನೆಪ ಕಲಬುರಗಿ ಕಡೆಯವರಿಗೂ ಉಳಿದಿಲ್ಲ. ಇದೇ ಬಿಸಿಲಲ್ಲಿ ಬೆಳೆದವರು ಎರಡು ವಿಶ್ವಕಪ್ ಗೆದ್ದ ತಂಡಗಳ ಹಿಂದೆ ನಿಂತಿದ್ದಾರೆ.

ಉಳಿದಿರುವುದು ಇಲ್ಲಿನ ಕೆಲಸ. ಚಿತ್ತಾಪುರ, ಸೇಡಂ, ಶಹಾಬಾದ, ವಾಡಿ, ಚಿಂಚೋಳಿಯ ಶಾಲೆ ಮೈದಾನಗಳಲ್ಲಿ ಸಂಜೆ ಹೊತ್ತು ಹುಡುಗರು ಮೂರು ಮೂರು ಪಿಚ್ ಹಾಕಿಕೊಂಡು ಆಡುತ್ತಾರೆ. ಅದರಲ್ಲಿ ವಾರಕ್ಕೆ ಎರಡು ಸಂಜೆ ಹುಡುಗಿಯರಿಗೆ ಬಿಟ್ಟುಕೊಡಲು ಯಾರ ಗಂಟು ಹೋಗುತ್ತದೆ? ಒಂದು ಬಲೆ, ಎರಡು ಬ್ಯಾಟು, ನಿಂತು ನೋಡಿಕೊಳ್ಳುವ ಒಬ್ಬ ಟೀಚರಮ್ಮ. ಬಜಾರದ ನಾಲ್ಕು ಅಂಗಡಿಯವರು ಮನಸ್ಸು ಮಾಡಿದರೆ ಗಣಪತಿ ಚಂದಾದ ಕಾಲುಭಾಗದಲ್ಲಿ ಆಗುವ ಕೆಲಸ. ಹುಡುಗಿ ಸಂಜೆ ಆಡಿ ಮನೆ ಮುಟ್ಟಲು ಒಂದು ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅರ್ಧ ಗೆದ್ದಂತೆ.

ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಕ್ರಿಕೆಟ್ ಮಾತು ಬಂದಾಗ ಕೊಹ್ಲಿ ಜೊತೆ ನೂಶಿನ್ ಹೆಸರೂ ಒಂದು ಸಲ ತೆಗೆಯಿರಿ. ಪಕ್ಕದ ಸೀಟಿನಲ್ಲಿ ಸ್ಕೂಲ್ ಬ್ಯಾಗ್ ಹಿಡಿದು ನಿಂತ ಹುಡುಗಿ ಕಿವಿ ಕೊಟ್ಟು ಕೇಳಿದರೂ ಕೇಳಬಹುದು.